ಕೋಲ್ಕತ್ತದ ಎರಡು ಚೈನಾಟೌನ್‌ಗಳಲ್ಲಿ ಉಣ್ಣುವ ಬಗೆ: ನಸುಕಿನ ಟಿರೆಟ್ಟಾದಿಂದ ರಾತ್ರಿಯ ಟ್ಯಾಂಗ್ರಾದವರೆಗೆ

ಕೋಲ್ಕತ್ತದಲ್ಲಿ ಕ್ಯಾಬ್ ಆ್ಯಪ್ ತೆರೆದು ‘ಚೈನಾಟೌನ್’ ಎಂದು ಹುಡುಕಿ ಹೊರಟರೆ ಅರ್ಧ ಊಟ ಅಲ್ಲೇ ಕೈತಪ್ಪುತ್ತದೆ. ಆ ಊರಿನಲ್ಲಿ ಚೈನಾಟೌನ್ ಒಂದಲ್ಲ, ಎರಡು. ಹಳೆಯದು ನಡು ಊರಿನಲ್ಲಿ, ಲಾಲ್‌ಬಜಾರ್ ಪೊಲೀಸ್ ಕೇಂದ್ರ ಕಚೇರಿಯ ಹತ್ತಿರವಿರುವ ಟಿರೆಟ್ಟಾ ಬಜಾರ್. ಹೊಸದು ಊರಿನ ಪೂರ್ವಕ್ಕೆ, ಬೈಪಾಸ್ ರಸ್ತೆಯ ಕಡೆಗಿರುವ ಟ್ಯಾಂಗ್ರಾ. ಎರಡರ ನಡುವೆ ಆರೇಳು ಕಿಲೋಮೀಟರ್ ದೂರ. ಅದಕ್ಕಿಂತ ಮುಖ್ಯವಾದದ್ದು ಹೊತ್ತಿನ ಅಂತರ. ಟಿರೆಟ್ಟಾದಲ್ಲಿ ನಸುಕಿನ ಐದೂವರೆಗೆ ಹೊತ್ತಿದ ಒಲೆ ಎಂಟೂವರೆಯ ಹೊತ್ತಿಗೆ ಆರಿರುತ್ತದೆ. ಟ್ಯಾಂಗ್ರಾದಲ್ಲಿ ಒಲೆ ಹೊತ್ತುವುದೇ ಮಧ್ಯಾಹ್ನ. ಹತ್ತು ಗಂಟೆಗೆ ಟಿರೆಟ್ಟಾಕ್ಕೆ ಹೋಗಿ ‘ಏನೂ ಇಲ್ಲ, ಬರೀ ಗಲೀಜು’ ಎಂದು ಬೈದುಕೊಂಡು ಬರುವವರೇ ಹೆಚ್ಚು.

ಊಟದ ಜಾತಿಯೂ ಬೇರೆ. ಟಿರೆಟ್ಟಾದಲ್ಲಿ ಸಿಗುವುದು ಹಬೆಯಲ್ಲಿ ಬೆಂದ, ಖಾರವಿಲ್ಲದ ಮನೆ ತಿಂಡಿ. ಟ್ಯಾಂಗ್ರಾದಲ್ಲಿ ಸಿಗುವುದು ದೊಡ್ಡ ಉರಿಯಲ್ಲಿ ಹುರಿದ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಸೋಯಾ ಸೇರಿದ ಅಡುಗೆ. ನಮ್ಮ ಬೀದಿಯ ಗೋಬಿ ಮಂಚೂರಿ ಗಾಡಿಗಳ ಹಿರೀಕರು ಇಲ್ಲಿಯವರು. ಎರಡನ್ನೂ ಒಂದೇ ದಿನದಲ್ಲಿ, ಹೊಟ್ಟೆ ಕೆಡಿಸಿಕೊಳ್ಳದೆ ಮುಗಿಸುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಮೊದಲು ಸ್ವಲ್ಪ ಹಿನ್ನೆಲೆ

ಮೆನು ಅರ್ಥವಾಗಲು ಇಷ್ಟು ಗೊತ್ತಿರಬೇಕು. ವಾರನ್ ಹೇಸ್ಟಿಂಗ್ಸ್‌ನ ಕಾಲದಲ್ಲಿ, 18ನೇ ಶತಮಾನದ ಕೊನೆಗೆ, ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿ ಬಜ್‌ಬಜ್ ಬಳಿ ಹೂಗ್ಲಿ ದಂಡೆಯಲ್ಲಿ ಸಕ್ಕರೆ ಕಾರ್ಖಾನೆ ಹಾಕಿದ. ಆ ಊರಿಗೆ ಅವನ ಹೆಸರಿನಿಂದಲೇ ಅಚೀಪುರ ಎಂಬ ಹೆಸರು ಬಂತು. ಅವನ ಹಿಂದೆ ಬಂದವರು ಕೋಲ್ಕತ್ತದಲ್ಲಿ ನೆಲೆಯೂರಿ ಕಸುಬು ಹಂಚಿಕೊಂಡರು: ಕ್ಯಾಂಟನ್ ಕಡೆಯವರು ಬಡಗಿಗಳಾದರು, ಹುಬೇ ಕಡೆಯವರು ಹಲ್ಲಿನ ವೈದ್ಯರಾದರು, ಹಕ್ಕಾ ಜನ ಚಪ್ಪಲಿ ಮತ್ತು ಚರ್ಮದ ಕೆಲಸಕ್ಕಿಳಿದರು. ಹಕ್ಕಾಗಳ ಚರ್ಮ ಹದಮಾಡುವ ಕಾರ್ಖಾನೆಗಳಿದ್ದ ಜಾಗವೇ ಟ್ಯಾಂಗ್ರಾ.

1962ರ ಯುದ್ಧದ ಹೊತ್ತಿನಲ್ಲಿ ಭಾರತೀಯ ಚೀನೀಯರನ್ನು ಹಿಡಿದು ರಾಜಸ್ಥಾನದ ದೇವಳಿ ಶಿಬಿರದಲ್ಲಿಟ್ಟರು. ಆಮೇಲೆ ಬಹಳ ಜನ ಕೆನಡಾದಂಥ ದೇಶಗಳಿಗೆ ಹೊರಟುಹೋದರು. 1996ರಲ್ಲಿ ಸುಪ್ರೀಂ ಕೋರ್ಟ್, ಮಾಲಿನ್ಯದ ಕಾರಣಕ್ಕೆ, ಚರ್ಮದ ಕಾರ್ಖಾನೆಗಳನ್ನು ಊರಾಚೆಗೆ ಸಾಗಿಸಲು ಆದೇಶಿಸಿತು. ಖಾಲಿಯಾದ ಎಷ್ಟೋ ಕಾರ್ಖಾನೆಗಳು ರೆಸ್ಟೋರೆಂಟ್‌ಗಳಾದವು. ಟ್ಯಾಂಗ್ರಾದ ಊಟದ ಮನೆಗಳು ಗೋದಾಮಿನಂತೆ ವಿಶಾಲವಾಗಿರುವುದಕ್ಕೂ ಹೊರಗಿನ ಗೋಡೆಗಳು ಅಷ್ಟು ಎತ್ತರವಾಗಿ, ಬೋಳಾಗಿರುವುದಕ್ಕೂ ಕಾರಣ ಇದು.

ಹಂತ 1: ದಿನ ಆರಿಸಿಕೊಳ್ಳಿ

ಭಾನುವಾರ. ಬೇರೆ ದಿನ ಟಿರೆಟ್ಟಾದಲ್ಲಿ ಒಂದೆರಡು ಗಾಡಿ ಕಾಣಬಹುದು, ಆದರೆ ಮನೆಯಲ್ಲಿ ಮಾಡಿ ತಂದು ಮಾರುವವರು ಕೂರುವುದು ಭಾನುವಾರವೇ. ನವೆಂಬರ್‌ನಿಂದ ಫೆಬ್ರುವರಿವರೆಗೆ ಹವೆ ಹಿತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಮಳೆ ಹೊಯ್ದಿದ್ದರೆ ಆ ಬೀದಿಯಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲುತ್ತದೆ, ಮಾರುವವರೂ ಕಡಿಮೆ.

ಚೀನೀ ಹೊಸ ವರ್ಷಕ್ಕೆ ಹೋಗಬೇಕೆಂದಿದ್ದರೆ 2027ರಲ್ಲಿ ಅದು ಫೆಬ್ರುವರಿ 6ಕ್ಕೆ ಬರುತ್ತದೆ. ಸಿಂಹನೃತ್ಯ, ಪಟಾಕಿ ಎಲ್ಲ ನೋಡಲು ಸೊಗಸು. ಉಣ್ಣಲು ಮಾತ್ರ ಅದು ಒಳ್ಳೆಯ ದಿನವಲ್ಲ: ಕೆಲವರು ಅಂಗಡಿ ಮುಚ್ಚಿ ಮನೆಯಲ್ಲಿರುತ್ತಾರೆ, ತೆರೆದಿರುವಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಡಿಸೆಂಬರ್ ಕೊನೆಯ ವಾರದ ಟ್ಯಾಂಗ್ರಾದ ಕತೆಯೂ ಇದೇ.

ಹಂತ 2: ಆರು ಗಂಟೆಗೆ ಅಲ್ಲಿರಿ, ಮೆಟ್ರೊ ನಂಬಬೇಡಿ

ನಕ್ಷೆ ನೋಡಿದವರಿಗೆ ‘ಸೆಂಟ್ರಲ್ ಮೆಟ್ರೊ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ’ ಎಂದು ಕಾಣುತ್ತದೆ. ನಿಜವೇ. ಆದರೆ ಭಾನುವಾರ ಆ ಮಾರ್ಗದಲ್ಲಿ ರೈಲು ಶುರುವಾಗುವುದೇ ಒಂಬತ್ತರ ಸುಮಾರಿಗೆ. ಅಷ್ಟರಲ್ಲಿ ಬುಟ್ಟಿಗಳು ಖಾಲಿ. ಹಾಗಾಗಿ ಹೋಗುವಾಗ ಟ್ಯಾಕ್ಸಿ, ಬರುವಾಗ ಬೇಕಾದರೆ ಮೆಟ್ರೊ.

ಚಾಲಕನಿಗೆ ‘ಟಿರೆಟ್ಟಾ’ ಎಂದರೆ ಅರ್ಥವಾಗದಿರಬಹುದು. ಜನರ ಬಾಯಲ್ಲಿ ಅದು ‘ಟೆರಿಟಿ ಬಾಜಾರ್’. ಅದಕ್ಕಿಂತ ಸುಲಭ ‘ಪೊದ್ದಾರ್ ಕೋರ್ಟ್’ ಎನ್ನುವುದು. ರವೀಂದ್ರ ಸರಣಿಯಲ್ಲಿರುವ ಆ ದೊಡ್ಡ ಕಟ್ಟಡ ಎಲ್ಲರಿಗೂ ಗೊತ್ತು. ಅಲ್ಲಿಳಿದು ಪಕ್ಕದ ಸನ್ ಯಾತ್ ಸೆನ್ ಬೀದಿಯ ಕಡೆ ಹೊರಳಿದರೆ ಹಬೆ ಕಾಣುತ್ತದೆ. ಬೆಂಗಳೂರಿನಿಂದ ರೈಲಿನಲ್ಲಿ ಬಂದು ಹೌರಾದಲ್ಲಿ ಇಳಿಯುವವರಿಗೆ ಸೇತುವೆ ದಾಟಿದರೆ ಇದು ಹತ್ತಿರವೇ.

ಕೆಂಪು ಕಮಾನು, ಲಾಂದ್ರ, ಡ್ರ್ಯಾಗನ್ ನಿರೀಕ್ಷಿಸಬೇಡಿ. ತರಕಾರಿ, ಮೀನು, ಮಾಂಸ ಮಾರುವ ಸಾಧಾರಣ ಬೀದಿ ಅದು. ನಡುನಡುವೆ ಅಲ್ಯೂಮಿನಿಯಂ ಹಬೆಪಾತ್ರೆ ಇಟ್ಟುಕೊಂಡು ಕೂತ ಹತ್ತಾರು ಮಂದಿ. ಮಾರುವವರೆಲ್ಲ ಚೀನೀಯರೂ ಅಲ್ಲ. ಕೈಯಲ್ಲಿ 10, 20, 50, 100ರ ನೋಟುಗಳಿರಲಿ. ಬೆಳ್ಳಂಬೆಳಗ್ಗೆ 500ಕ್ಕೆ ಚಿಲ್ಲರೆ ಕೇಳಿದರೆ ಬೋಣಿ ಹೊತ್ತಿನಲ್ಲಿ ಯಾರಿಗೂ ಖುಷಿಯಾಗುವುದಿಲ್ಲ. ಒಬ್ಬರಿಗೆ 250–300 ರೂಪಾಯಿ ಇದ್ದರೆ ಹೊಟ್ಟೆ ತುಂಬುತ್ತದೆ. ನೀರಿನ ಬಾಟಲಿ, ಒಂದಿಷ್ಟು ಕಾಗದದ ಕರವಸ್ತ್ರ ಜೊತೆಗಿರಲಿ. ಕೂರಲು ಜಾಗವಿಲ್ಲ, ನಿಂತೇ ತಿನ್ನಬೇಕು.

ಹಂತ 3: ಒಂದು ಸುತ್ತು ಬರೀ ನೋಡಿ, ಆಮೇಲೆ ಕೊಳ್ಳಿ

ಮೊದಲ ಬುಟ್ಟಿಯ ಮುಂದೆಯೇ ನಿಂತು ಎಂಟು ಮೊಮೊ ತಿಂದುಬಿಡುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಮೊಮೊ ಬೆಂಗಳೂರಿನ ಮೂಲೆ ಮೂಲೆಯಲ್ಲೂ ಸಿಗುತ್ತದೆ. ಎರಡು ನಿಮಿಷ ಬೀದಿಯ ಉದ್ದಕ್ಕೂ ನಡೆದು, ಯಾರ ಮುಂದೆ ಚೀಲ ಹಿಡಿದ ಊರಿನ ಜನ ನಿಂತಿದ್ದಾರೆ ನೋಡಿಕೊಂಡು ಬನ್ನಿ. ಆಮೇಲೆ ಬೇಗ ಮುಗಿಯುವುದನ್ನು ಮೊದಲು, ಉಳಿಯುವುದನ್ನು ಕೊನೆಗೆ ಕೊಳ್ಳಿ.

ಬೇಗ ಮುಗಿಯುವುದು ಬಾವೊ. ಹುದುಗಿಸಿದ ಮೈದಾ ಹಿಟ್ಟಿನೊಳಗೆ ಹಂದಿಮಾಂಸ ಅಥವಾ ಕೋಳಿಯ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ್ದು. ಒಳ್ಳೆಯ ಬಾವೊ ಒತ್ತಿದರೆ ಇಡ್ಲಿಯಂತೆ ಮೆಲ್ಲಗೆ ಮೇಲೇಳುತ್ತದೆ. ಮೇಲ್ಮೈ ಅಂಟಂಟಾಗಿ, ಹಳದಿ ಚುಕ್ಕೆ ಬಿದ್ದಿದ್ದರೆ ಮುಚ್ಚಳದ ನೀರು ಸುರಿದಿದೆ, ಬಹಳ ಹೊತ್ತಿನಿಂದ ಬುಟ್ಟಿಯಲ್ಲಿದೆ ಎಂದರ್ಥ. ಮುಂದಿನ ಬುಟ್ಟಿಗೆ ಕಾಯಿರಿ. ಒಬ್ಬರಿಗೆ ಒಂದು ಸಾಕು, ಹಿಟ್ಟು ಹೊಟ್ಟೆಯಲ್ಲಿ ಉಬ್ಬುತ್ತದೆ.

ಆಮೇಲೆ ಸಿಯು ಮಾಯ್: ಬಾಯಿ ತೆರೆದ ಪುಟ್ಟ ಚೀಲದಂಥ ಹಬೆ ಕಡುಬು, ಒಳಗೆ ಹೆಚ್ಚಾಗಿ ಹಂದಿಮಾಂಸ. ಇದಕ್ಕೆ ಕೆಂಪು ಚಟ್ನಿ ಸುರಿದುಕೊಂಡರೆ ರುಚಿ ಸತ್ತಿತು. ಮೊದಲನೆಯದನ್ನು ಹಾಗೇ ತಿನ್ನಿ. ಪಂದಿ ಕರಿ ತಿಂದು ಬೆಳೆದ ಕೊಡಗಿನವರಿಗೆ ಇಲ್ಲಿನ ಹಂದಿಮಾಂಸ ಸಪ್ಪೆ ಎನಿಸಬಹುದು. ಕಾಚಂಪುಳಿಯ ಹುಳಿಯೂ ಇಲ್ಲ, ಮೆಣಸಿನ ಖಾರವೂ ಇಲ್ಲ. ಕೊಬ್ಬಿನ ಸಿಹಿ ಮಾತ್ರ.

ಕಂಡರೆ ಬಿಡಬಾರದ್ದು ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಗಂಟು. ನಮ್ಮ ಕೊಟ್ಟೆ ಕಡುಬಿನ ದೂರದ ನೆಂಟ ಎನ್ನಬಹುದು, ಆದರೆ ಹಿಟ್ಟಲ್ಲ, ಇಡೀ ಅಕ್ಕಿ. ಒಳಗೆ ಮಾಂಸದ ತುಂಡು. ಎಲೆ ತಿನ್ನಬಾರದು. ಇದು ಬಹಳ ಭಾರ, ಇಬ್ಬರಿಗೆ ಒಂದು. ಎಳ್ಳು ಮೆತ್ತಿ ಕರಿದ ಉಂಡೆ ಸಿಹಿಗೆ. ಬಿಸಿಯಿದ್ದಾಗ ಹೊರಗೆ ಗರಿಗರಿ, ತಣ್ಣಗಾದರೆ ರಬ್ಬರು.

ಮೀನುಂಡೆ ಸೂಪ್ ಕೊನೆಗೆ. ಇದು ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಲೇ ಇರುವುದರಿಂದ ತಡವಾದರೂ ಕೆಡುವುದಿಲ್ಲ. ಮೀನಿನ ಮಾಂಸವನ್ನು ಉಪ್ಪು ಹಾಕಿ ಚೆನ್ನಾಗಿ ಬಡಿದರೆ ಉಂಡೆಗೆ ಪುಟಿಯುವ ಗುಣ ಬರುತ್ತದೆ. ಕಚ್ಚಿದಾಗ ಹಿಟ್ಟುಹಿಟ್ಟಾಗಿ ಬಾಯಿಗೆ ಅಂಟಿದರೆ ಪಿಷ್ಟ ಹೆಚ್ಚು, ಮೀನು ಕಡಿಮೆ.

ಫೋಟೊ ವಿಚಾರ: ಊಟದ ಚಿತ್ರಕ್ಕೆ ಯಾರ ತಕರಾರೂ ಇಲ್ಲ. ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುಂಚೆ ಕೇಳಿ. ಭಾನುವಾರಕ್ಕೊಬ್ಬರಂತೆ ಬಂದು ‘ನೀವು ಚೀನಾದವರಾ?’ ಎಂದು ಕೇಳುವವರನ್ನು ಕಂಡು ಅವರಿಗೆ ಸಾಕಾಗಿದೆ. ತಲೆಮಾರುಗಳಿಂದ ಅವರು ಕೋಲ್ಕತ್ತದವರೇ.

ಹಂತ 4: ಸಾಸು, ಸಾಸೇಜು, ಮತ್ತು ‘ಚರ್ಚು’

ಎಂಟು ಗಂಟೆಗೆ ತಿಂಡಿ ಮುಗಿದಿರುತ್ತದೆ. ಇನ್ನು ಖರೀದಿ. 1958ರಿಂದ ಸಾಸು ಮಾಡುತ್ತಿರುವ ಪೌ ಚಾಂಗ್ ಈ ಬೀದಿಯ ಹೆಸರುವಾಸಿ ಅಂಗಡಿ. ಇಲ್ಲಿ ಕೊಳ್ಳಬೇಕಾದ್ದು ಹಸಿರು ಮೆಣಸಿನಕಾಯಿ ಸಾಸು. ಸಿಂಗ್ ಚ್ಯೂಂಗ್ ಎಂಬ ಇನ್ನೊಂದು ಹಳೆಯ ಸಾಸಿನ ಮನೆಯೂ ಊರಿನಲ್ಲಿದೆ. ಚೀನೀ ಸಾಸೇಜು ಕೊಳ್ಳುವವರು ಒಂದು ಮಾತು ನೆನಪಿಡಿ: ಅದು ಉಪ್ಪು, ಸಕ್ಕರೆ ಬೆರೆಸಿ ಒಣಗಿಸಿದ ಮಾಂಸ, ಬೆಂದದ್ದಲ್ಲ. ಹಾಗೇ ಕಚ್ಚಬಾರದು.

ಸುತ್ತಮುತ್ತ ಕಾಣುವ ‘ಚರ್ಚ್’ ಎಂಬ ಫಲಕಗಳು ಕ್ರೈಸ್ತರದ್ದಲ್ಲ. ಚೀನೀ ದೇವಸ್ಥಾನಗಳಿಗೆ ಇಲ್ಲಿ ಹಾಗೇ ಹೆಸರು. ಚಾತಾವಾಲಾ ಗಲ್ಲಿಯ ಸೀ ಇಪ್ ಚರ್ಚ್ 1905ರದ್ದು. ಬ್ಲ್ಯಾಕ್‌ಬರ್ನ್ ಲೇನ್‌ನ ಕೆಂಪು ಇಟ್ಟಿಗೆಯ ತೂಂಗ್ ಆನ್ ಚರ್ಚ್ 1924ರದ್ದು. ಒಂದು ಕಾಲಕ್ಕೆ ನಗರದ ಸಿರಿವಂತರು ಉಣ್ಣಲು ಬರುತ್ತಿದ್ದ ನಾನ್‌ಕಿಂಗ್ ರೆಸ್ಟೋರೆಂಟ್ ಇದ್ದದ್ದು ಇದೇ ಕಟ್ಟಡದಲ್ಲಿ. ಎರಡನ್ನೂ ನೋಡಲು ಅರ್ಧ ಗಂಟೆ ಸಾಕು. ಹೊಟ್ಟೆಗೂ ಅಷ್ಟು ಬಿಡುವು ಬೇಕು.

ಹಂತ 5: ಮಧ್ಯಾಹ್ನ ಕಡಿಮೆ ತಿನ್ನಿ

ರಾತ್ರಿ ಟ್ಯಾಂಗ್ರಾ ಇದೆ ಎಂಬುದು ನೆನಪಿರಲಿ. ಮಧ್ಯಾಹ್ನಕ್ಕೆ ಎರಡು ದಾರಿ. ಚಾತಾವಾಲಾ ಗಲ್ಲಿಯ ತುಂಗ್ ನಾಮ್: ನಾಲ್ಕಾರು ಮೇಜಿನ ಪುಟ್ಟ ಜಾಗ, ಅಲಂಕಾರ ಸೊನ್ನೆ, ಅಕ್ಕಿಯ ಸಣ್ಣ ಶಾವಿಗೆಯಾದ ಮೈಫೂನ್ ಮತ್ತು ಹಂದಿಮಾಂಸದ ತಿನಿಸುಗಳಿಗೆ ಹೆಸರಾದದ್ದು. ನಮ್ಮ ಒತ್ತು ಶಾವಿಗೆಯ ಅಭಿಮಾನಿಗಳಿಗೆ ಮೈಫೂನ್ ಹಿಡಿಸುತ್ತದೆ. ಇನ್ನೊಂದು, ಗಣೇಶ್ ಚಂದ್ರ ಅವೆನ್ಯೂದಲ್ಲಿ ಪೆಟ್ರೋಲ್ ಬಂಕಿನ ಮೇಲಿನ ಮಹಡಿಯಲ್ಲಿರುವ ಯೂ ಚ್ಯೂ. ಚಾಂದನಿ ಚೌಕ್ ಮೆಟ್ರೊಗೆ ಹತ್ತಿರ. ಒಂದೇ ಕುಟುಂಬ ತಲೆಮಾರುಗಳಿಂದ ನಡೆಸಿಕೊಂಡು ಬಂದ ಮನೆ ಅದು. ನಡುವೆ ಕೊಳವೆಯಿರುವ ಪಾತ್ರೆಯಲ್ಲಿ ಕೆಂಡ ಹಾಕಿ ಮೇಜಿನ ಮೇಲೇ ಕುದಿಸುವ ‘ಚಿಮ್ನಿ ಸೂಪ್’ ಅಲ್ಲಿನ ಹೆಗ್ಗಳಿಕೆ. ಅದು ನಾಲ್ಕೈದು ಜನರ ಪಾತ್ರೆ, ಜೊತೆಗೆ ತಯಾರಿಗೆ ಹೊತ್ತು ಬೇಕು; ಮುಂಚೆಯೇ ಫೋನ್ ಮಾಡಿ ಹೇಳಿಟ್ಟು ಹೋಗುವುದು ಕ್ಷೇಮ. ಇಬ್ಬರೇ ಇದ್ದರೆ ಆ ಸೂಪಿನ ಆಸೆ ಬಿಟ್ಟು, ಆ ಮನೆಯದೇ ತಿನಿಸಾದ ಜೋಸೆಫೀನ್ ನೂಡಲ್ಸ್ ತರಿಸಿ.

ಹಂತ 6: ಟ್ಯಾಂಗ್ರಾ

ಏಳು ಗಂಟೆಗೆ ಮುಂಚೆ ತಲುಪಿ. ಭಾನುವಾರ ಎಂಟರ ನಂತರ ಕುಟುಂಬಗಳ ದಂಡು ಬರುತ್ತದೆ. ಆಗ ಅಡುಗೆಮನೆ ಒಂದೇ ಬಾಣಲೆಯಲ್ಲಿ ಆರು ಪ್ಲೇಟ್ ನೂಡಲ್ಸ್ ಒಟ್ಟಿಗೆ ತಿರುವುತ್ತದೆ. ಬಾಣಲೆ ತುಂಬಿದರೆ ಉರಿ ಸಾಲದೆ ನೀರು ಬಿಡುತ್ತದೆ. ಹುರಿಯಬೇಕಾದ್ದು ಬೇಯುತ್ತದೆ, ಹೊಗೆಯ ಘಮ ಹೋಗುತ್ತದೆ. ಒಂದೇ ರೆಸ್ಟೋರೆಂಟಿನ ಬಗ್ಗೆ ಒಬ್ಬರು ಹೊಗಳಿ ಇನ್ನೊಬ್ಬರು ತೆಗಳುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ಚಾಲಕನಿಗೆ ‘ಟ್ಯಾಂಗ್ರಾ ಚೈನಾಟೌನ್’ ಎಂದು ಎರಡೂ ಪದ ಸೇರಿಸಿ ಹೇಳಿ. ಬರೀ ಟ್ಯಾಂಗ್ರಾ ಎಂದರೆ ಅದು ದೊಡ್ಡ ಬಡಾವಣೆ. ಬೀಜಿಂಗ್, ಕಿಮ್ ಲಿಂಗ್, ಗೋಲ್ಡನ್ ಜಾಯ್, ಬಿಗ್ ಬಾಸ್, ಕಾಫುಲೋಕ್ ಹೆಸರಾದವು. ಇವುಗಳ ನಡುವೆ ಯಾವುದು ಶ್ರೇಷ್ಠ ಎಂಬ ಜಗಳ ಕೋಲ್ಕತ್ತದವರಿಗೇ ಬಿಡೋಣ. ಹೆಸರಿಗಿಂತ ಏನು ತರಿಸುತ್ತೀರಿ ಎಂಬುದರ ಮೇಲೆ ಊಟ ನಿಂತಿದೆ. ಇಬ್ಬರಿಗೆ ಅಂದಾಜು 1,000ದಿಂದ 1,500 ರೂಪಾಯಿ ಇಟ್ಟುಕೊಳ್ಳಿ. ಸಿಗಡಿ, ಏಡಿ ಸೇರಿದರೆ ಇನ್ನೂ ಮೇಲೆ.

ಬೆಳಕಿರುವಾಗಲೇ ಬಂದರೆ ಮಠೇಶ್ವರತಲಾ ರಸ್ತೆಯ ಚೀನೀ ಕಾಳಿ ಗುಡಿಗೆ ಹೋಗಿಬನ್ನಿ. ಅಲ್ಲಿ ಕಾಳಿಗೆ ನೂಡಲ್ಸ್, ಚಾಪ್ ಸೂಯಿ ನೈವೇದ್ಯ.

ಹಂತ 7: ಆರ್ಡರ್ ಮಾಡುವ ಲೆಕ್ಕ

ಇಲ್ಲಿನ ಪ್ಲೇಟು ದೊಡ್ಡದು. ಒಂದು ನೂಡಲ್ಸ್ ಇಬ್ಬರಿಗೆ ಧಾರಾಳ, ಮೂವರಿಗೆ ಸಾಲುತ್ತದೆ. ನಾಲ್ಕು ಜನಕ್ಕೆ ಈ ಲೆಕ್ಕ ಸರಿಹೋಗುತ್ತದೆ: ಸೂಪ್ ಎರಡು, ಕರಿದದ್ದು ಅಥವಾ ಒಣ ತಿನಿಸು ಒಂದು, ಗ್ರೇವಿ ಒಂದು, ಸೊಪ್ಪು ಅಥವಾ ಹಬೆಯ ಮೀನು ಒಂದು, ನೂಡಲ್ಸ್ ಒಂದು, ಅನ್ನ ಒಂದು. ಸೂಪನ್ನು ಬೆಂಗಳೂರಿನ ಕಾಫಿಯಂತೆ ಒನ್ ಬೈ ಟು ಮಾಡಿಕೊಡಿ ಎಂದು ಕೇಳಿದರೆ ಎರಡು ಬಟ್ಟಲಲ್ಲಿ ತಂದುಕೊಡುತ್ತಾರೆ.

ಎಡವುವುದು ಎಲ್ಲಿ ಎಂದರೆ ಮೂರು ಕೆಂಪು ಗ್ರೇವಿ ತರಿಸುವುದರಲ್ಲಿ. ಚಿಲ್ಲಿ, ಶೆಜ್ವಾನ್, ಹಾಟ್ ಗಾರ್ಲಿಕ್ ಮೂರೂ ಹೆಸರಿಗೆ ಬೇರೆ, ನಾಲಿಗೆಗೆ ಹೆಚ್ಚುಕಡಿಮೆ ಒಂದೇ. ಮೂರರಲ್ಲೂ ಕಾರ್ನ್‌ಫ್ಲೋರ್‌ನ ಗೊಜ್ಜು. ಒಂದು ಖಾರದ್ದಾದರೆ ಇನ್ನೊಂದು ಶುಂಠಿಯ ತಿಳಿ ಗ್ರೇವಿಯದ್ದಿರಲಿ. ಯಾವ ಗ್ರೇವಿಗಾದರೂ ಬಡಿಸುವ ಚಮಚ ಬೇರೆಯೇ ಇರಲಿ: ಎಂಜಲು ಚಮಚ ಅದ್ದಿದರೆ ಜೊಲ್ಲಿನ ಕಿಣ್ವ ಪಿಷ್ಟವನ್ನು ಒಡೆದು, ಗಟ್ಟಿ ಗ್ರೇವಿ ನೀರುನೀರಾಗುತ್ತದೆ. ಅಜ್ಜಿಯ ಎಂಜಲು–ಮುಸುರೆಯ ಕಟ್ಟಳೆ ಇಲ್ಲಿ ರಸಾಯನಶಾಸ್ತ್ರಕ್ಕೂ ಹೊಂದುತ್ತದೆ.

ಟ್ಯಾಂಗ್ರಾದ ಗುರುತಿನ ತಿನಿಸು ಚಿಲ್ಲಿ ಚಿಕನ್. ‘ಡ್ರೈ’ ಎಂದೇ ಹೇಳಿ. ಸೋಯಾ, ಹಸಿಮೆಣಸಿನಕಾಯಿ, ವಿನೆಗರ್ ಮಾಂಸಕ್ಕೆ ಅಂಟಿಕೊಂಡಿರಬೇಕು, ಸುತ್ತ ಕೆರೆ ಕಟ್ಟಬಾರದು. ಮೂಳೆಸಹಿತ ತರಿಸಿದರೆ ರುಚಿ ಹೆಚ್ಚು. ಗೋಲ್ಡನ್ ಫ್ರೈಡ್ ಪ್ರಾನ್ ಎಂಬ ಕರಿದ ಸಿಗಡಿ ಮೇಜಿಗೆ ಬಂದ ಐದು ನಿಮಿಷದಲ್ಲಿ ಖಾಲಿಯಾಗಬೇಕು. ಒಳಗಿನ ಹಬೆ ಹೊರಗಿನ ಪದರವನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಹೇಳಬೇಡಿ. ಸೂಪ್ ಮತ್ತು ಕರಿದದ್ದು ಮೊದಲು. ಅದು ಬಂದ ಮೇಲೆ ನೂಡಲ್ಸ್, ಗ್ರೇವಿ. ಬೆಳಗ್ಗೆ ತಿಂದ ಸಿಯು ಮಾಯ್ ಇಲ್ಲಿ ಮತ್ತೆ ತರಿಸುವ ಅಗತ್ಯವಿಲ್ಲ.

ಬಂಗಾಳಿಯ ಮೂರು ಮಾತು ಸಾಕು: ‘ಝಾಲ್ ಕಮ್’ ಎಂದರೆ ಖಾರ ಕಡಿಮೆ, ‘ಶುಕ್ನೊ’ ಎಂದರೆ ಒಣ, ‘ಡಿಮ್ ಛಾಡಾ’ ಎಂದರೆ ಮೊಟ್ಟೆ ಬಿಟ್ಟು. ಹಿಂದಿಯೂ ನಡೆಯುತ್ತದೆ.

ಮಂಚೂರಿಯನ್ ಮೆನುವಿನಲ್ಲಿರುತ್ತದೆ, ಆದರೆ ಅದು ಇಲ್ಲಿ ಹುಟ್ಟಿದ್ದಲ್ಲ. ಕೋಲ್ಕತ್ತದಲ್ಲಿ ಹುಟ್ಟಿದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್‌ನಲ್ಲಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸುರಿದು ಕೋಳಿಯಲ್ಲಿ ಮಾಡಿದ್ದು ಎಂಬುದು ಪ್ರಚಲಿತ ವೃತ್ತಾಂತ. ಕೋಳಿ ಹೋಗಿ ಹೂಕೋಸು ಬಂದದ್ದು, ಅದು ಕೆಂಪಗೆ ಹೊಳೆಯತೊಡಗಿದ್ದು, ಕೊನೆಗೆ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಿದ್ದು ನಮಗೆ ಗೊತ್ತಿರುವ ಕತೆ. ಟ್ಯಾಂಗ್ರಾದ ಚಿಲ್ಲಿ ಚಿಕನ್ ಕಂದು ಬಣ್ಣದ್ದಾಗಿ ಬಂದರೆ ‘ಬಣ್ಣವೇ ಇಲ್ಲವಲ್ಲ’ ಎಂದು ಮುಖ ಸಿಂಡರಿಸಬೇಡಿ. ಸೋಯಾದ ಬಣ್ಣ ಅದೇ.

ಸಸ್ಯಾಹಾರಿಗಳಿಗೆ

ನೇರವಾಗಿ ಹೇಳುವುದಾದರೆ ಟಿರೆಟ್ಟಾ ನಿಮ್ಮ ಜಾಗವಲ್ಲ. ಎಳ್ಳುಂಡೆ, ಅಪರೂಪಕ್ಕೆ ತರಕಾರಿ ಮೊಮೊ, ಪಕ್ಕದ ಗಾಡಿಯ ಕಚೋರಿ–ಜಿಲೇಬಿ ಅಷ್ಟೇ. ಎಳ್ಳುಂಡೆ ಕರಿದ ಎಣ್ಣೆಯಲ್ಲಿ ಬೇರೇನು ಕರಿದಿದ್ದಾರೆ ಎಂದು ಕೇಳಿ. ಜೊತೆಗಾರರು ತಿನ್ನುವಾಗ ನೀವು ಸಾಸಿನ ಅಂಗಡಿ ನೋಡಬಹುದು.

ಟ್ಯಾಂಗ್ರಾದಲ್ಲಿ ಪನೀರ್, ಅಣಬೆ, ಬೇಬಿ ಕಾರ್ನ್, ತರಕಾರಿ ನೂಡಲ್ಸ್ ಎಲ್ಲ ಸಿಗುತ್ತವೆ. ಆದರೆ ಮೂರು ಪ್ರಶ್ನೆ ಕೇಳಲೇಬೇಕು. ನೂಡಲ್ಸ್ ಎಳೆಯಲ್ಲಿ ಮೊಟ್ಟೆ ಇದೆಯೇ? ಸೂಪಿನ ನೀರು ಕೋಳಿ ಮೂಳೆಯದ್ದೇ? ಆಯ್ಸ್ಟರ್ (ಚಿಪ್ಪುಮೀನಿನ) ಸಾಸು ಹಾಕುತ್ತೀರಾ? ಮೂರನೆಯದು ಸೊಪ್ಪು–ಅಣಬೆಯ ತಿನಿಸಿನಲ್ಲೇ ಹೆಚ್ಚು ಅಡಗಿರುತ್ತದೆ. ‘ನಿರಾಮಿಷ್’ ಎಂಬ ಬಂಗಾಳಿ ಪದ ಬಳಸಬೇಡಿ: ಬಂಗಾಳದಲ್ಲಿ ಅದಕ್ಕೆ ಈರುಳ್ಳಿ–ಬೆಳ್ಳುಳ್ಳಿಯೂ ಇಲ್ಲದ್ದು ಎಂಬ ಅರ್ಥ, ಬೆಳ್ಳುಳ್ಳಿಯೇ ಜೀವಾಳವಾದ ಅಡುಗೆಮನೆ ಕಕ್ಕಾಬಿಕ್ಕಿಯಾಗುತ್ತದೆ. ‘ವೆಜ್, ಮೊಟ್ಟೆ ಬೇಡ’ ಎಂದರೆ ಸಾಕು. ಬಾಣಲೆ ಬೇರೆ ಇರುವುದಿಲ್ಲ. ಅದನ್ನು ಒಪ್ಪಲಾಗದವರು ಹೋಗದಿರುವುದೇ ಮೇಲು.

ಅಜಿನೊಮೊಟೊ ಬೇಡ ಎಂದರೆ ಮೇಲಿಂದ ಹಾಕುವುದನ್ನು ಬಿಡುತ್ತಾರೆ, ಸಾಸಿನೊಳಗೆ ಮೊದಲೇ ಬೆರೆತದ್ದನ್ನು ತೆಗೆಯಲಾಗದು.

ಕಟ್ಟಿಕೊಂಡು ಬರುವುದು

ಉಳಿದ ನೂಡಲ್ಸನ್ನು ಡಬ್ಬಿಗೆ ಹಾಕಿದ ತಕ್ಷಣ ಮುಚ್ಚಳ ಬಿಗಿಯಬೇಡಿ, ಹಬೆಯಿಂದ ಮುದ್ದೆಯಾಗುತ್ತದೆ. ಮಾರನೆಯ ದಿನ ಕಾದ ಬಾಣಲೆಯಲ್ಲಿ ಎರಡು ಹನಿ ನೀರು ಚಿಮುಕಿಸಿ ತಿರುವಿದರೆ ಎಳೆ ಬಿಡಿಸಿಕೊಳ್ಳುತ್ತದೆ. ಅನ್ನವನ್ನು ರಾತ್ರಿಯಿಡೀ ಹೊರಗಿಟ್ಟು ಬಿಸಿಮಾಡಿ ತಿನ್ನಬೇಡಿ. ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಬಿಸಿಗೆ ಸಾಯುವುದಿಲ್ಲ.

ಸಾಸಿನ ಬಾಟಲಿ ವಿಮಾನದ ಕೈಚೀಲದಲ್ಲಿ ನಡೆಯುವುದಿಲ್ಲ, ಚೆಕ್‌–ಇನ್ ಪೆಟ್ಟಿಗೆಗೇ ಹಾಕಬೇಕು. ಮುಚ್ಚಳದ ಸುತ್ತ ಟೇಪು ಬಿಗಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಟ್ಟೆಯ ನಡುವೆ ನಿಲ್ಲಿಸಿಡಿ. ಸಾಸೇಜನ್ನು ಮನೆಗೆ ಬಂದ ಕೂಡಲೇ ಫ್ರಿಜ್‌ಗೆ ಸೇರಿಸಿ. ಬಳಸುವಾಗ ಓರೆಯಾಗಿ ತೆಳ್ಳಗೆ ಹೆಚ್ಚಿ, ಅನ್ನ ಅರ್ಧ ಬೆಂದ ಮೇಲೆ ಅದರ ಮೇಲೆ ಹರಡಿ ಮುಚ್ಚಿ. ಹದಿನೈದು ನಿಮಿಷದಲ್ಲಿ ಕೊಬ್ಬು ಕರಗಿ ಅನ್ನಕ್ಕಿಳಿಯುತ್ತದೆ, ಬೇರೆ ಎಣ್ಣೆ ಬೇಡ. ಉಪ್ಪನ್ನೂ ರುಚಿ ನೋಡಿದ ಮೇಲೆಯೇ ಹಾಕಿ.